ಶಂಕುವಿನ ನೆರಳೂ ವಿದ್ಯಾರ್ಥಿಯ ಕಣ್ಣೂ

ಅಯನವೆಂದರೆ ಗತಿ. ಸೂರ್ಯನು ಮೂಡುವ ಎಡೆ ಚಳಿಗಾಲದ ನಡುವಿನಿಂದ ದಿನದಿನಕ್ಕೆ ಉತ್ತರದತ್ತ ಸರಿಯುವುದನ್ನು ಕಣ್ಣಾರೆ ಕಂಡವರು ಇಟ್ಟ ಹೆಸರು ಉತ್ತರಾಯಣ. ಇಂದಿನ ವಿದ್ಯಾರ್ಥಿಗೆ ಆ ಶಬ್ದ ಕಂಠಸ್ಥವಾಗಿದೆ; ಅದರ ಅರ್ಥ ಮಾತ್ರ ಅನುಭವಕ್ಕೆ ಬಂದಿಲ್ಲ. ಕಾಣದೆ ಕಲಿತ ಶಬ್ದ ಎಣ್ಣೆಯಿಲ್ಲದ ಹಣತೆಯಂತೆ.

ಭೂಗೋಳದ ಉತ್ತರಪತ್ರಿಕೆಯಲ್ಲಿ ಅವನು, ಡಿಸೆಂಬರ್ 22ರ ಸುಮಾರಿಗೆ ಹಗಲು ಅತಿ ಕಿರಿದಾಗಿ ಸೂರ್ಯನು ಉತ್ತರಕ್ಕೆ ತಿರುಗುವನೆಂದು ಬರೆಯುತ್ತಾನೆ. ಹಬ್ಬದ ಪ್ರಬಂಧದಲ್ಲಿ ಅದೇ ತಿರುವನ್ನು ಜನವರಿಯ ಮಕರಸಂಕ್ರಾಂತಿಗೆ ಹೇಳುತ್ತಾನೆ. ಎರಡಕ್ಕೂ ಅಂಕಗಳು ದೊರೆಯುತ್ತವೆ. ನಡುವಣ ಮೂರು ವಾರಗಳ ಅಂತರವೇಕೆಂದು ಅವನು ಕೇಳುವುದಿಲ್ಲ. ಅವನನ್ನು ಕೇಳುವವರೂ ಇಲ್ಲ. ಪಂಚಾಂಗವು ಸಂಕ್ರಾಂತಿಯನ್ನು ನಕ್ಷತ್ರಗಳ ನೆಲೆಯಿಂದ ಗಣಿಸುತ್ತದೆ. ಭೂಮಿಯ ಅಕ್ಷವು ಬುಗುರಿಯಂತೆ ಮೆಲ್ಲಗೆ ತೂಗುವುದರಿಂದ, ಆ ಗಣನೆಯು ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಋತುಗಳಿಂದ ಸರಿಯುತ್ತ ಬಂದಿದೆ. ಸುಮಾರು 1700 ವರ್ಷಗಳ ಹಿಂದೆ ಎರಡೂ ಒಂದೇ ದಿನಕ್ಕೆ ಕೂಡುತ್ತಿದ್ದವು. ಇದರಿಂದ ಹಬ್ಬದ ಮಹಿಮೆಗೆ ಕುಂದಿಲ್ಲ. ಅರಿಯದಿದ್ದರೆ ವಿದ್ಯೆಗೆ ಕುಂದುಂಟು.

ಪ್ರಾಚೀನ ಗ್ರಂಥಗಳನ್ನು ಓದಿದರೆ ಸಾಲದೆ ಎಂಬವರುಂಟು. ವೇದಾಂಗಜ್ಯೋತಿಷವು ಅತಿ ದೀರ್ಘವಾದ ಹಗಲಿಗೆ 18 ಮುಹೂರ್ತ, ಅತಿ ಕಿರಿದಾದುದಕ್ಕೆ 12 ಮುಹೂರ್ತ ಎನ್ನುತ್ತದೆ. ಅಂದರೆ 14 ಗಂಟೆ 24 ನಿಮಿಷ ಹಾಗೂ 9 ಗಂಟೆ 36 ನಿಮಿಷ. ಈ ಮಾನವು ಕಾಶ್ಮೀರದಷ್ಟು ಉತ್ತರದ ನಾಡಿಗೆ ಹೆಚ್ಚು ಕಡಿಮೆ ಹೊಂದೀತು. ಧಾರವಾಡದಲ್ಲಾದರೋ ಹಗಲು ಜೂನ್‌ನಲ್ಲಿ 13 ಗಂಟೆಯನ್ನು ತುಸು ಮೀರುತ್ತದೆ, ಡಿಸೆಂಬರಿನಲ್ಲಿ 11 ಗಂಟೆ 13 ನಿಮಿಷದಷ್ಟಕ್ಕೆ ಇಳಿಯುತ್ತದೆ. ಗ್ರಂಥವು ಸುಳ್ಳಲ್ಲ, ಆದರೆ ಒಂದು ನಾಡಿನ ಅಳತೆ ಮತ್ತೊಂದು ನಾಡಿನ ಅನುಭವವಾಗಲಾರದು.

ಆದುದರಿಂದ ಪ್ರತಿಯೊಂದು ಶಾಲೆಯ ಅಂಗಳದಲ್ಲೂ ಒಂದು ಶಂಕು ನಿಲ್ಲಬೇಕು. ಸೂರ್ಯಸಿದ್ಧಾಂತವು ಹೇಳುವ 12 ಅಂಗುಲದ ನೆಟ್ಟನೆಯ ಕೋಲು ಸಾಕು. ನೆರಳು ಅತಿ ಕಿರಿದಾಗುವ ಗಳಿಗೆ ಧಾರವಾಡದಲ್ಲಿ ಗಡಿಯಾರದ ಹನ್ನೆರಡೂವರೆಯ ಆಸುಪಾಸು. ಡಿಸೆಂಬರ್ 22ರಂದು ಆ ನೆರಳು ಉತ್ತರಕ್ಕೆ ಹತ್ತಂಗುಲಕ್ಕೆ ತುಸು ಕಡಿಮೆ. ಮಾರ್ಚ್ 21ರ ಸುಮಾರಿಗೆ ಮೂರಂಗುಲವನ್ನು ತುಸು ಮೀರಿದ್ದು. ಮೇ ಮೊದಲ ವಾರದಲ್ಲಿ ಇಲ್ಲವೇ ಇಲ್ಲ. ಜೂನ್‌ನಲ್ಲಿ ಅದು ದಕ್ಷಿಣಕ್ಕೆ ಬೀಳುತ್ತದೆ. ಆಗಸ್ಟ್ ಎರಡನೆಯ ವಾರದಲ್ಲಿ ಮತ್ತೊಮ್ಮೆ ಅಳಿಯುತ್ತದೆ. ಮೇ ತಿಂಗಳು ರಜೆಯದು, ಜೂನ್ ಮೋಡದ್ದು, ನಿಜ. ಮೋಡ ಮುಸುಕಿದ ದಿನವನ್ನು ‘ಕಾಣಲಿಲ್ಲ’ ಎಂದೇ ಬರೆದಿಡುವುದೂ ಸತ್ಯನಿಷ್ಠೆಯ ಪಾಠವೇ.

ಕಟ್ಟಡಗಳಿಗೆ ದಾನಿಗಳ ಔದಾರ್ಯ ಬೇಕು. ಶಂಕುವಿಗೆ ಬೇಕಾದುದು ಒಂದು ಕೋಲು, ಒಂದು ಪುಸ್ತಕ, ವಾರಕ್ಕೊಮ್ಮೆ ಬಿಸಿಲಿಗಿಳಿಯುವ ಒಬ್ಬ ಅಧ್ಯಾಪಕ. ಒಂದು ವರ್ಷ ನೆರಳನ್ನು ಅಳೆದ ಬಾಲಕನಿಗೆ ಉತ್ತರಾಯಣವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಅದು ಅವನು ಕಂಡ ಮಾತು. ಕಂಡ ಮಾತನ್ನು ಮರೆಯುವುದು ಕಷ್ಟ.