ಗೃಹಸ್ಥರಿಗೆ ವಿಜ್ಞಾನ: ಗಣಕಯಂತ್ರವು ತನ್ನ ವೇಗವನ್ನು ತಗ್ಗಿಸುವುದೇಕೆ?

ಶಿವಮೊಗ್ಗದ ದುರ್ಗಿಗುಡಿಯಿಂದ ಗೃಹಸ್ಥರೊಬ್ಬರು ಹೀಗೆ ಬರೆದಿರುವರು: “ಮಗನ ವ್ಯಾಸಂಗಕ್ಕೆಂದು ಸಾಲಮಾಡಿ ಲ್ಯಾಪ್‌ಟಾಪೊಂದನ್ನು ಕೊಂಡೆವು. ಅದರ ವೇಗವು 2.4 ಗಿಗಾಹರ್ಟ್ಸ್ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿದೆ. ಮಗನು ಲಿನಕ್ಸ್ ಹಾಕಿ ನೋಡಲಾಗಿ 800 ಮೆಗಾಹರ್ಟ್ಸ್ ಎಂದು ತೋರಿತು. ಕೊಟ್ಟ ಹಣಕ್ಕೆ ಮೂರರಲ್ಲೊಂದು ಪಾಲು ಮಾತ್ರ ದೊರೆಯಿತೆ? ಅಂಗಡಿಯವರನ್ನು ಕೇಳಬೇಡವೆ?”

ಈ ಸಂದೇಹವು ಸಹಜವಾದುದೇ. ಆದರೆ ಇಷ್ಟರಿಂದಲೇ ಮೋಸವಾಯಿತೆಂದು ತಿಳಿಯತಕ್ಕದ್ದಲ್ಲ.

ಗಣಕದ ಪ್ರೊಸೆಸರು ತಾಳಕ್ಕೆ ಸರಿಯಾಗಿ ಹೆಜ್ಜೆಯಿಡುವ ಯಂತ್ರ. 2.4 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 240 ಕೋಟಿ ತಾಳ. 800 ಮೆಗಾಹರ್ಟ್ಸ್ ಎಂದರೆ 80 ಕೋಟಿ. ತಾಳವು ತ್ವರಿತವಾದಷ್ಟೂ ವಿದ್ಯುತ್ತಿನ ಒತ್ತಡವನ್ನು, ಅಂದರೆ ವೋಲ್ಟೇಜನ್ನು, ಏರಿಸಬೇಕಾಗುವುದು. ಹೀಗೆ ದುಡಿಯುವಾಗ ತಗಲುವ ವಿದ್ಯುತ್ತು ತಾಳದ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿರುವುದು. ವೇಗವನ್ನು ಅರ್ಧಕ್ಕಿಳಿಸಿ, ವೋಲ್ಟೇಜನ್ನು ಹತ್ತರಲ್ಲಿ ಎಂಟು ಪಾಲಿಗೆ ತಗ್ಗಿಸಿದರೆ, ನೂರು ಪಾಲಿದ್ದ ವೆಚ್ಚವು 32ಕ್ಕೆ ಇಳಿಯುವುದು. ಕೆಲಸಕ್ಕೆ ಇಮ್ಮಡಿ ಹೊತ್ತು ಹಿಡಿದರೂ ಒಟ್ಟು ವೆಚ್ಚ 64 ಪಾಲೇ ಆಯಿತು. ಅನ್ನವು ಕುದಿಬಂದ ಮೇಲೆ ಗೃಹಿಣಿಯು ಉರಿಯನ್ನು ತಗ್ಗಿಸುವಂತೆ, ಕೆಲಸವಿಲ್ಲದಾಗ ಯಂತ್ರವು ತಾಳವನ್ನು ತಗ್ಗಿಸುವುದು. ಮಗನು ಆ ಅಂಕಿಯನ್ನು ನೋಡಿದಾಗ ಅದು ಬಹುಶಃ ವಿಶ್ರಮಿಸುತ್ತಿದ್ದಿರಬೇಕು.

ಈ ಕಾರ್ಯವನ್ನು ಲಿನಕ್ಸಿನ ತಿರುಳಾದ ಕರ್ನೆಲ್ ಎಂಬ ಭಾಗವು ನಡೆಸುವುದು. ಅದರಲ್ಲಿ ಇಬ್ಬರು ಅಧಿಕಾರಿಗಳಿರುವರೆಂದು ಭಾವಿಸಬಹುದು. ‘ಗವರ್ನರ್’ ಎಂಬುದು ಕೆಲಸದ ಭಾರವನ್ನು ನೋಡಿ ಎಷ್ಟು ವೇಗ ಬೇಕೆಂದು ನಿಶ್ಚಯಿಸುವುದು; ‘ಡ್ರೈವರ್’ ಎಂಬುದು ಆ ಆಜ್ಞೆಯನ್ನು ಪ್ರೊಸೆಸರಿಗೆ ಅದರದೇ ಭಾಷೆಯಲ್ಲಿ ತಲಪಿಸುವುದು. ಪ್ರೊಸೆಸರಿನ ಜಾತಿ ಬೇರೆಯಾದರೆ ಡ್ರೈವರೂ ಬೇರೆ. ಇಂಟೆಲ್‌ನ ಅಂದಿನ ಹೊಸ ಪ್ರೊಸೆಸರುಗಳದು 2013ರಲ್ಲಿಯೂ, ಎಎಮ್‌ಡಿಯ ಹೊಸ ಪ್ರೊಸೆಸರುಗಳದು 2022ರಲ್ಲಿಯೂ ಲಿನಕ್ಸಿಗೆ ಸೇರಿದವು. ಇದರಲ್ಲಿ ನಮ್ಮ ನಾಡಿನ ಪಾಲೂ ಉಂಟು. ಐಬಿಎಮ್ಮಿನ ಪವರ್ ಎಂಬ ದೊಡ್ಡ ಯಂತ್ರಗಳಿಗಾಗಿ 2014ರಲ್ಲಿ ಸೇರಿದ ಡ್ರೈವರನ್ನು ರಚಿಸಿದವರಲ್ಲಿ ಆ ಸಂಸ್ಥೆಯ ಬೆಂಗಳೂರಿನ ತಂತ್ರಜ್ಞರಾದ ವೈದ್ಯನಾಥನ್ ಶ್ರೀನಿವಾಸನ್, ಗೌತಮ್ ಶೆಣೈ ಅವರು ಇದ್ದರು. ಈಚಿನ ಅನೇಕ ಪ್ರೊಸೆಸರುಗಳಾದರೋ, ಕರ್ನೆಲ್ ಹಾಕಿಕೊಟ್ಟ ಮೇರೆಯೊಳಗೆ ತಮ್ಮ ವೇಗವನ್ನು ತಾವೇ ಆರಿಸಿಕೊಳ್ಳುವುವು.

ಗವರ್ನರ್ ಎಂಬ ಹೆಸರು ಹಳೆಯ ಯಂತ್ರಶಾಸ್ತ್ರದ್ದು. ನಮ್ಮ ಶರಾವತಿಯ ವಿದ್ಯುದಾಗಾರಗಳ ಚಕ್ರಗಳಿಗೂ ಗವರ್ನರ್ ಉಂಟು. ಊರಿನ ದೀಪಗಳು ಹೆಚ್ಚಿದಾಗ ಅದು ನೀರನ್ನು ಹೆಚ್ಚಾಗಿ ಬಿಟ್ಟು, ಸೆಕೆಂಡಿಗೆ 50 ಆವರ್ತನಗಳು ತಪ್ಪದಂತೆ ಕಾಯುವುದು. ಅಲ್ಲಿ ವೇಗವು ಸ್ಥಿರ, ನೀರು ಚರ; ಗಣಕದಲ್ಲಿ ವೇಗವೇ ಚರ. ಎರಡು ಕಡೆಯೂ ಭಾರಕ್ಕೆ ತಕ್ಕಷ್ಟೇ ವೆಚ್ಚವಾಗಬೇಕೆಂಬುದೇ ನಿಯಮ.

ಇನ್ನು ಪರೀಕ್ಷೆಯ ಕ್ರಮ. ಯಂತ್ರದೊಡನೆ ಬಂದ ಚಾರ್ಜರನ್ನೇ ಜೋಡಿಸಿ, ದೀರ್ಘವಾದ ವಿಡಿಯೊ ಒಂದನ್ನು ಬೇರೆ ರೂಪಕ್ಕೆ ಪರಿವರ್ತಿಸುವಂಥ ಭಾರವಾದ ಕೆಲಸವನ್ನು ಹಚ್ಚಿ, ಆಗ ವೇಗವನ್ನು ನೋಡಿರಿ. ಅಂಕಿಯು 2.4ರ ಬಳಿಗೋ ಅದರ ಮೇಲಕ್ಕೋ ಏರಿದರೆ ಯಂತ್ರವು ನಿರ್ದುಷ್ಟವಾದುದು. ಏರಿ ಕೂಡಲೇ ಇಳಿದರೆ ಕಾವೇ ಕಾರಣವಿರಬಹುದು: ಹಾಸಿಗೆಯ ಮೇಲಿಟ್ಟು ಗಾಳಿಯ ಕಂಡಿಗಳನ್ನು ಮುಚ್ಚಿರಬಾರದು, ಧೂಳು ಕಟ್ಟಿರಬಾರದು. ಏರದೆಯೇ ನಿಂತರೆ, ಮಿತವ್ಯಯದ ಏರ್ಪಾಡು ಬಿಗಿಯಾಗಿದೆಯೇ ಎಂದು ಮಗನು ನೋಡಲಿ. ಇವೆಲ್ಲವೂ ಸರಿಯಿದ್ದು, ಅಂಕಿಯು 800ರಲ್ಲಿಯೇ ಉಳಿದರೆ, ರಶೀದಿಯೊಡನೆ ಅಂಗಡಿಗೆ ಹೋಗಿ ಅವರ ಎದುರಿನಲ್ಲಿಯೇ ಪರೀಕ್ಷೆಯನ್ನು ಮಾಡಿತೋರಿಸುವುದು ನ್ಯಾಯ.

ವೇಗವನ್ನು ಸದಾ ಮೇಲ್ಮಟ್ಟದಲ್ಲಿ ನಿಲ್ಲಿಸಿಬಿಡಿರೆಂದು ಕೆಲವರು ಸಲಹೆ ಕೊಡುವುದುಂಟು. ಪಾಠವನ್ನು ಓದಲು, ಪತ್ರವನ್ನು ಬರೆಯಲು ಅದರಿಂದ ಹೆಚ್ಚಿನ ಲಾಭವಿಲ್ಲ. ಕಾವು ಹೆಚ್ಚುವುದು, ಬ್ಯಾಟರಿಯು ಬೇಗ ಬರಿದಾಗುವುದು. ಸಾಲದಿಂದ ಕೊಂಡ ಯಂತ್ರವು ಸಾಲ ತೀರಿದ ಮೇಲೆಯೂ ಬಾಳಬೇಕಾದರೆ, ಅದರ ಮಿತವ್ಯಯಕ್ಕೆ ಅಡ್ಡಿಮಾಡದಿರುವುದೇ ಲೇಸು.