ಹಾಲಿನ ಲೆಕ್ಕ ಗ್ರಾಮಸಭೆಯಲ್ಲಿ ಓದಲಿ

ಹೈದರಾಬಾದಿನ ಉಪ್ಪಲ್‌ನಿಂದ ಇಸಿಐಎಲ್ ಕಡೆಯ ಬಸ್ಸು ಹತ್ತಿದಾಗಲೆಲ್ಲ ನನಗೆ ಯಲ್ಲಾಪುರದ ತವರುಮನೆ ನೆನಪಾಗುತ್ತದೆ. ಆ ಕಡೆಯ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸ್‌ನಲ್ಲಿ ತಯಾರಾಗುವ ಯುರೇನಿಯಂ ಇಂಧನವೇ ಕಾಳಿ ನದಿಯ ದಂಡೆಯ ಕೈಗಾ ಅಣುವಿದ್ಯುತ್ ಸ್ಥಾವರಕ್ಕೆ ಹೋಗುವುದು. ಅರ್ಧ ಮೀಟರ್ ಉದ್ದದ ಕಟ್ಟುಗಳು. ಕೈಗಾದ ಕಾಡಿನಿಂದ ಈಚೆಗೆ ನನ್ನ ತಮ್ಮನ ಕೊಟ್ಟಿಗೆ. ಬೇಣದ ಹುಲ್ಲು ಮೇಯುವ ಎರಡು ಹಸು, ಹಾಲು ಕುಡಿಯುವ ಮೊಮ್ಮಕ್ಕಳು.

ನನ್ನ ಚಿಂತೆಯೂ ಹಾಲಿನದೇ. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣುಸ್ಥಾವರ ಸಿಡಿದಾಗ ಹೊರಬಿದ್ದ ವಿಕಿರಣಶೀಲ ಅಯೋಡಿನ್-131 ಹುಲ್ಲಿನ ಮೇಲೆ ಕೂತಿತು. ಹುಲ್ಲು ಹಸುವಿನ ಹೊಟ್ಟೆಗೆ, ಹಾಲು ಮಕ್ಕಳ ಹೊಟ್ಟೆಗೆ ಹೋಯಿತು, ಅಯೋಡಿನ್ ಅವರ ಥೈರಾಯ್ಡ್ ಗ್ರಂಥಿ ಸೇರಿತು. ಎಂಟು ದಿನಕ್ಕೊಮ್ಮೆ ಅರ್ಧವಾಗುವ ಆ ಅಯೋಡಿನ್ ಕೆಲವು ತಿಂಗಳಲ್ಲಿ ಹೇಳಹೆಸರಿಲ್ಲದಂತಾಯಿತು. ಮಕ್ಕಳ ಥೈರಾಯ್ಡ್ ಕ್ಯಾನ್ಸರ್ ಏರತೊಡಗಿದ್ದು ಮಾತ್ರ ನಾಲ್ಕೈದು ವರ್ಷದ ಮೇಲೆ. 2005ರ ಹೊತ್ತಿಗೆ, ಆಗ ಮಕ್ಕಳಾಗಿದ್ದವರಲ್ಲಿ 6000ಕ್ಕೂ ಹೆಚ್ಚು ಮಂದಿಗೆ ಅದು ಬಂದಿತ್ತು. ಆ ಪ್ರಕರಣಗಳಲ್ಲಿ ದೊಡ್ಡ ಪಾಲಿಗೆ ಆ ಹಾಲೇ ಮೂಲ. ಜೊತೆಗೇ ಹೊರಬಿದ್ದ ಸೀಸಿಯಂ-137 ಅರ್ಧವಾಗಲು 30 ವರ್ಷ ಬೇಕು. ಅದು ಅಲ್ಲಿನ ಮಣ್ಣಿನಲ್ಲಿ, ಕಾಡಿನ ಅಣಬೆಗಳಲ್ಲಿ ಇಂದಿಗೂ ಇದೆ.

ಕೈಗಾದಲ್ಲಿ ಅಂಥ ಅಪಘಾತ ಆಗಿಲ್ಲ. ಆದರೆ 1994ರ ಮೇನಲ್ಲಿ ಕಟ್ಟುತ್ತಿದ್ದ ರಿಯಾಕ್ಟರ್ ಗುಮ್ಮಟದ ಒಳಪದರ ಕುಸಿದು ಬಿತ್ತು, ಪುಣ್ಯಕ್ಕೆ ಆಗ ಯುರೇನಿಯಂ ತುಂಬಿರಲಿಲ್ಲ. 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರ್‌ಗೆ ವಿಕಿರಣಶೀಲ ಟ್ರಿಟಿಯಂ ಸೇರಿ ಕೆಲಸಗಾರರ ದೇಹ ಹೊಕ್ಕಿತು. ಸಾಹಿತಿ ಶಿವರಾಮ ಕಾರಂತರು 1989ರಲ್ಲಿ ಕೈಗಾ ವಿರೋಧಿಸಿಯೇ ಲೋಕಸಭೆಗೆ ಸ್ಪರ್ಧಿಸಿ ಸೋತರು. ಅವರ ಅಂಜಿಕೆಯನ್ನು ಹುಚ್ಚು ಎನ್ನಲು ನನಗೆ ಬಾಯಿ ಬರುವುದಿಲ್ಲ. ಈಗಿನ ನಾಲ್ಕು ಘಟಕಗಳ ಪಕ್ಕಕ್ಕೆ 700 ಮೆಗಾವಾಟ್‌ನ ಇನ್ನೆರಡು ಬರಲಿವೆ.

ಜಪಾನಿನ ಫುಕುಶಿಮಾದಲ್ಲಿ 2011ರ ಅಣು ಅಪಘಾತದ ಬಳಿಕ ಸುಮಾರು 3 ಲಕ್ಷ ಮಕ್ಕಳ ಥೈರಾಯ್ಡ್ ತಪಾಸಣೆ ನಡೆಯಿತು. ಕಂಡ ಗಂಟುಗಳು ವಿಕಿರಣದಿಂದ ಬಂದವೋ, ಮೊದಲೇ ಇದ್ದವೋ ಎಂಬ ವಾದ ಎದ್ದಿತು. ಹೋಲಿಸಿ ನೋಡಲು ಹಿಂದಿನ ಅಂಥ ಲೆಕ್ಕ ಇರಲಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇದೇ. ಲೆಕ್ಕವಿಲ್ಲದ ಕಡೆ ಕಾಯಿಲೆಯವರ ಮಾತಿಗೂ ಬೆಲೆಯಿಲ್ಲ, ಸ್ಥಾವರದವರ ಭರವಸೆಗೂ ಬೆಲೆಯಿಲ್ಲ.

ಕೈಗಾದ ಪ್ರಯೋಗಾಲಯ ಸುತ್ತಲಿನ ಹಾಲು, ನೀರು, ಮೀನನ್ನು ಪರೀಕ್ಷಿಸುತ್ತದೆ. ಆ ಅಂಕಿಗಳನ್ನು ಕಾರವಾರ, ಜೋಯಿಡಾ, ಯಲ್ಲಾಪುರ ತಾಲ್ಲೂಕುಗಳ ಗ್ರಾಮಸಭೆಗಳಲ್ಲಿ ವರ್ಷಕ್ಕೊಮ್ಮೆ ಕನ್ನಡದಲ್ಲಿ ಓದಿ ಹೇಳಲಿ. ಥೈರಾಯ್ಡ್, ಕ್ಯಾನ್ಸರ್ ಪ್ರಕರಣಗಳ ಎಣಿಕೆಯೂ ಅದರ ಜೊತೆಗಿರಲಿ. ಊರಿನವರೇ, ಮುಂದಿನ ಸಭೆಯಲ್ಲಿ ಇನ್ನೊಂದು ಪ್ರಶ್ನೆ ಕೇಳಿ: ಅಪಘಾತವಾದರೆ ಥೈರಾಯ್ಡ್ ಕಾಪಾಡಲು ನಮ್ಮ ಮಕ್ಕಳಿಗೆ ಕೊಡಬೇಕಾದ ಅಯೋಡಿನ್ ಮಾತ್ರೆ ಎಲ್ಲಿದೆ, ಅದನ್ನು ಮನೆಗೆ ಮುಟ್ಟಿಸುವವರು ಯಾರು?