ಮೊದಲು ತೂಕ, ಆಮೇಲೆ ಚಾಕು

ಸೌಂದರ್ಯ ಶಸ್ತ್ರಚಿಕಿತ್ಸೆಯ ವಿಚಾರ ಈ ಪತ್ರಿಕೆಗೆ ತಕ್ಕುದಲ್ಲವೆಂದು ಕೆಲವು ಗೆಳೆಯರು ಹುಬ್ಬೇರಿಸಬಹುದು. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನಿಗೂ, ಪೇಟೆಬೀದಿಯಲ್ಲಿ ಕಿರಾಣಿ ಅಂಗಡಿ ಇಟ್ಟವನಿಗೂ ಹೊಟ್ಟೆಯ ಕೊಬ್ಬನ್ನು ತೆಗೆದು ಕೆನ್ನೆಗೋ ನಿತಂಬಕ್ಕೋ ತುಂಬಿಸಿಕೊಳ್ಳುವ ಯೋಚನೆ ಎಲ್ಲಿಯದು ಎಂದು ಅವರು ಕೇಳಬಹುದು. ಕೇಳುವವರು ತಮ್ಮ ಮನೆಯ ಮಕ್ಕಳ ಕೈಯಲ್ಲಿರುವ ಫೋನನ್ನು ಒಮ್ಮೆ ನೋಡಲಿ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಎಷ್ಟೋ ಮನೆಗಳ ಮಕ್ಕಳು ಇಂದು ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ. ಒಂದೇ ದಿನದಲ್ಲಿ ಮೈಕಟ್ಟು ಬದಲಾಯಿಸುತ್ತೇವೆ, ಹಣವನ್ನು ಕಂತಿನಲ್ಲಿ ಕಟ್ಟಿ ಎಂಬ ಜಾಹೀರಾತು ಅವರನ್ನು ಹಗಲಿರುಳು ಹಿಂಬಾಲಿಸುತ್ತದೆ. ಆ ಕಂತು ತಪ್ಪಿದ ದಿನ ಸಾಲಗಾರ ಫೋನು ಮಾಡುವುದು ಊರಿನಲ್ಲಿರುವ ಅಪ್ಪನಿಗೆ. ಆದುದರಿಂದ ಇದು ನಮ್ಮ ವಿಚಾರವೇ.

2022ರ ಮೇ 16ರಂದು ಬೆಂಗಳೂರಿನಲ್ಲಿ ಕನ್ನಡ ಧಾರಾವಾಹಿಗಳ ನಟಿ ಚೇತನಾ ರಾಜ್ ತೀರಿಕೊಂಡರು. ವಯಸ್ಸು ಕೇವಲ 21. ಕೊಬ್ಬು ತೆಗೆಸಲು ಬೆಳಗ್ಗೆ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋದವರಿಗೆ ಶಸ್ತ್ರಚಿಕಿತ್ಸೆಯ ನಂತರ ಉಸಿರಾಟ ಕೆಟ್ಟಿತೆಂದೂ, ಬೇರೊಂದು ಆಸ್ಪತ್ರೆಗೆ ಸಾಗಿಸಿದಾಗ ಪ್ರಾಣ ಹೋಗಿತ್ತೆಂದೂ ಪತ್ರಿಕೆಗಳು ವರದಿ ಮಾಡಿದವು. ತಮಗೆ ತಿಳಿಸದೆ ಇದೆಲ್ಲ ನಡೆಯಿತೆಂದು ತಂದೆತಾಯಿ ದೂರು ಕೊಟ್ಟರು. ಆರೋಗ್ಯ ಇಲಾಖೆ ಆ ಕ್ಲಿನಿಕ್ಕಿಗೆ ನೋಟೀಸು ಕೊಟ್ಟಿತು. ನಾಲ್ಕು ದಿನ ದೂರದರ್ಶನದಲ್ಲಿ ಚರ್ಚೆ. ಆ ಹುಡುಗಿಗೆ ಇದು ಬೇಕಿತ್ತೇ ಎಂದು ಕೇಳಿದವರೇ ಹೆಚ್ಚು! ಕ್ಯಾಮರಾದ ಮುಂದೆ ಹೊಟ್ಟೆ ತುಂಬಿಸಿಕೊಳ್ಳಬೇಕಾದ ಹೆಣ್ಣಿಗೆ ಅವಳ ಹೊಟ್ಟೆಯೇ ಅಪರಾಧವೆಂದು ದಿನವೂ ಹೇಳುವ ವ್ಯಾಪಾರವನ್ನು ಪ್ರಶ್ನಿಸಿದವರು ಎಷ್ಟು ಮಂದಿ?

ಆಕೆಯದು ಕೊಬ್ಬು ತೆಗೆಯುವ ಚಿಕಿತ್ಸೆ. ಕೊಬ್ಬನ್ನು ವರ್ಗಾಯಿಸುವ ಚಿಕಿತ್ಸೆಯಲ್ಲಿ ಅದು ಮೊದಲ ಅರ್ಧ ಮಾತ್ರ. ಚರ್ಮದಡಿಗೆ ಔಷಧಿ ಬೆರೆಸಿದ ನೀರನ್ನು ಬಿಟ್ಟು, ಕೊಳವೆಯಿಂದ ಕೊಬ್ಬನ್ನು ಹೀರಿ, ಶುದ್ಧಮಾಡಿ, ಬೇರೆ ಕಡೆಗೆ ಚುಚ್ಚುತ್ತಾರೆ. ಸುಟ್ಟ ಗಾಯದ ಕಲೆಗೂ, ಕ್ಯಾನ್ಸರಿನಿಂದ ಸ್ತನ ಕಳೆದುಕೊಂಡವರಿಗೂ ಇದೇ ವಿದ್ಯೆ ಉಪಕಾರ ಮಾಡಿದೆ. ವಿದ್ಯೆಯ ಮೇಲೆ ನಮಗೆ ಹಗೆಯಿಲ್ಲ. ಆದರೆ ಬಿಡುವ ನೀರಿನ ಲೆಕ್ಕ ತಪ್ಪಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಒಂದೇ ಸಲಕ್ಕೆ ಐದು ಲೀಟರಿಗಿಂತ ಹೆಚ್ಚು ಹೀರಿದವರನ್ನು ರಾತ್ರಿಯಿಡೀ ಆಸ್ಪತ್ರೆಯಲ್ಲೇ ಇರಿಸಿ ಕಾಯಬೇಕೆಂಬುದು ಈ ವೃತ್ತಿಯವರೇ ಒಪ್ಪಿದ ಮಾತು. ಇನ್ನು ನಿತಂಬಕ್ಕೆ ಕೊಬ್ಬು ತುಂಬುವಾಗ ಸೂಜಿ ಮಾಂಸಖಂಡದೊಳಕ್ಕೆ ಇಳಿದು ದೊಡ್ಡ ರಕ್ತನಾಳವನ್ನು ಹರಿದರೆ ಕೊಬ್ಬು ನೇರವಾಗಿ ಹೃದಯದ ಮೂಲಕ ಶ್ವಾಸಕೋಶಕ್ಕೆ ಹೋಗಿ ನಿಲ್ಲುತ್ತದೆ. ಆಮೇಲೆ ಯಾವ ವೈದ್ಯನ ಕೈಯಲ್ಲೂ ಹೆಚ್ಚೇನೂ ಉಳಿಯುವುದಿಲ್ಲ. 2017ರಲ್ಲಿ ಶಸ್ತ್ರವೈದ್ಯರೇ ನಡೆಸಿದ ಒಂದು ಸಮೀಕ್ಷೆ ಇಂಥ ಚಿಕಿತ್ಸೆಯಲ್ಲಿ ಮೂರು ಸಾವಿರಕ್ಕೆ ಒಂದು ಸಾವಾಗುತ್ತಿರಬಹುದೆಂದು ಅಂದಾಜು ಮಾಡಿತು. ಸಾವುಗಳು ಹೆಚ್ಚಿದ ಮೇಲೆ ಅಮೆರಿಕದ ಫ್ಲಾರಿಡಾ ರಾಜ್ಯ 2019ರಲ್ಲಿ ಮಾಂಸಖಂಡದೊಳಗೆ ಕೊಬ್ಬು ಚುಚ್ಚುವುದನ್ನೇ ನಿಷೇಧಿಸಿತು. ಬಂಡವಾಳದ ಸ್ವರ್ಗವೆನಿಸಿದ ನಾಡಿನಲ್ಲೂ ಲಗಾಮು ಹಾಕಬೇಕಾಯಿತು.

ಇದೆಲ್ಲಕ್ಕಿಂತ ಮೊದಲಿನ ಪ್ರಶ್ನೆ ತೂಕ. ಜಾಹೀರಾತಿನಲ್ಲಿ ಎಲ್ಲಿಯೂ ಕಾಣದ ಪ್ರಶ್ನೆಯೂ ಅದೇ. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿಯನ್ನು ವೈದ್ಯರು ನೋಡುತ್ತಾರೆ. ಐದು ಅಡಿ ಎತ್ತರದ ಹೆಂಗಸು 70 ಕಿಲೋ ಇದ್ದರೆ ಅದು ಸುಮಾರು 30. ಅಷ್ಟಾದವರಿಗೆ ಅರಿವಳಿಕೆ ಕೊಡುವುದು ಹೆಚ್ಚು ಕಷ್ಟ, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು, ಗಾಯ ಕೀವಾಗುವುದೂ ಹೆಚ್ಚು. ಅಲ್ಲಿಗೆ ಬಂದವರನ್ನು ಮೊದಲು ತೂಕ ಇಳಿಸಿಕೊಂಡು ಬನ್ನಿ ಎಂದು ಹಿಂದಕ್ಕೆ ಕಳಿಸುವ ಶಸ್ತ್ರವೈದ್ಯರು ಬಹಳ. ಏಷ್ಯಾದವರಿಗೆ 23 ದಾಟಿದಲ್ಲಿಂದಲೇ ಸಕ್ಕರೆ ಕಾಯಿಲೆ, ಹೃದ್ರೋಗಗಳ ಅಪಾಯ ಏರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಕೊಬ್ಬು ಹೀರುವುದು ತೂಕ ಇಳಿಸುವ ಚಿಕಿತ್ಸೆಯಲ್ಲವೇ ಅಲ್ಲ. ಹಾಗೆಂದು ಹೇಳಿ ಮಾರುವವನು ಸುಳ್ಳುಗಾರ.

ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಇನ್ನೊಂದು ತುದಿಯವರೂ ಇದ್ದಾರೆ. ಅದೇ ಎತ್ತರಕ್ಕೆ 43 ಕಿಲೋಗಿಂತ ಕಡಿಮೆ ತೂಗುವವಳ ಮೈಯಿಂದ ತೆಗೆಯಲು ಕೊಬ್ಬೇ ಇರುವುದಿಲ್ಲ. ಅಂಥವಳಿಗೆ ‘ನಾಲ್ಕು ಕಿಲೋ ಏರಿಸಿಕೊಂಡು ಬಾ’ ಎಂದು ಉಪದೇಶ ಮಾಡುವವರೂ ಉಂಟಂತೆ! ವರ್ಗಾಯಿಸಿದ ಕೊಬ್ಬಿನಲ್ಲಿ ಒಂದು ಪಾಲು ಕೆಲವು ತಿಂಗಳಲ್ಲೇ ಕರಗಿಹೋಗುತ್ತದೆ. ಉಳಿದದ್ದು ಮೈಯೊಂದಿಗೆ ಏರುತ್ತದೆ, ಇಳಿಯುತ್ತದೆ. ಏರಿಸಿಕೊಂಡ ತೂಕ ಇಳಿದಾಗ ಕೊಟ್ಟ ಹಣವೂ ಅದರೊಡನೆ ಇಳಿಯಿತು. ಅದಕ್ಕೇ ತೂಕ ಕೆಲವು ತಿಂಗಳು ಒಂದೇ ಮಟ್ಟದಲ್ಲಿ ನಿಂತಿರಬೇಕೆನ್ನುವುದು. ಇನ್ನು ರಕ್ತದ ಮಾತು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಕೊಬ್ಬಿನೊಡನೆ ರಕ್ತವೂ ಹೋಗುವ ಚಿಕಿತ್ಸೆಗೆ ಇವರನ್ನು ರಕ್ತಪರೀಕ್ಷೆಯಿಲ್ಲದೆ ಮೇಜಿನ ಮೇಲೆ ಮಲಗಿಸುವುದನ್ನು ಏನೆಂದು ಕರೆಯೋಣ? ಮಲೆನಾಡಿನವರು ಇನ್ನೊಂದನ್ನೂ ಬಾಯಿಬಿಟ್ಟು ಹೇಳಬೇಕು: ಕವಳಕ್ಕೆ ಹೊಗೆಸೊಪ್ಪು ಹಾಕುತ್ತೀರಾದರೆ ಅದೂ ಬೀಡಿ ಸೇದಿದಂತೆಯೇ, ರಕ್ತನಾಳ ಕುಗ್ಗಿ ಗಾಯ ಮಾಯುವುದು ತಡ. ತೂಕ ಇಳಿಸುವ ಹೊಸ ಚುಚ್ಚುಮದ್ದು ತೆಗೆದುಕೊಳ್ಳುವವರ ಹೊಟ್ಟೆಯಲ್ಲಿ ಆಹಾರ ಬಹಳ ಹೊತ್ತು ಉಳಿಯುವುದರಿಂದ ಅರಿವಳಿಕೆ ವೈದ್ಯರಿಗೆ ಅದೂ ಗೊತ್ತಿರಬೇಕು.

ಸಾಗರದ ಮಂಡಿಯಲ್ಲಿ ಅಡಿಕೆ ತೂಗುವ ಯಂತ್ರಕ್ಕೆ ಕಾಲಕಾಲಕ್ಕೆ ಸರ್ಕಾರದ ಮುದ್ರೆ ಬೀಳದಿದ್ದರೆ ವ್ಯಾಪಾರಿ ದಂಡ ತೆರುತ್ತಾನೆ. ಒಂದು ಕಿಲೋ ಸಕ್ಕರೆ ಮಾರುವ ಸಣ್ಣ ಅಂಗಡಿಯವನಿಗೂ ಅದೇ ಕಾನೂನು. ಆದರೆ ಮನುಷ್ಯನ ಮೈಯನ್ನೇ ಅಳೆದು ಕೊಯ್ಯುವ ವ್ಯಾಪಾರದಲ್ಲಿ ಇಷ್ಟು ತೂಕದವರಿಗೆ ಮಾಡಕೂಡದೆಂಬ ಗೆರೆಯನ್ನು ಲಾಭ ಪಡೆಯುವವನೇ ಎಳೆಯುತ್ತಾನೆ, ಗಿರಾಕಿ ಕಡಿಮೆಯಾದ ತಿಂಗಳು ಅವನೇ ಅಳಿಸುತ್ತಾನೆ. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಕೊಳಗದ ಅಳತೆಯ ಮೇಲೆ. ಒಡೆಯನ ಮನೆಯ ಕೊಳಗ ಒಡೆಯನ ಮನಸ್ಸಿನಂತೆ ಹಿಗ್ಗುತ್ತಿತ್ತು. ಅಳತೆ ಕೊಳ್ಳುವವನ ಕೈಯಲ್ಲಿರಕೂಡದು ಎಂದು ಹೇಳಿ ಸಾಗರದ ಜೈಲಿಗೆ ಹೋದವರ ನಾಡು ಇದು. ಈ ಹೊಸ ಕೊಳಗವನ್ನು ನಾವೇಕೆ ಪ್ರಶ್ನಿಸದಿದ್ದೇವೆ?

ಕಾನೂನು ಇಲ್ಲವೆಂದಲ್ಲ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ ಪ್ರಕಾರ ಪ್ರತಿಯೊಂದು ಖಾಸಗಿ ಕ್ಲಿನಿಕ್ಕೂ ನೋಂದಣಿ ಪತ್ರವನ್ನು ಕಣ್ಣಿಗೆ ಕಾಣುವಂತೆ ತೂಗುಹಾಕಬೇಕು. ದೂರು ಕೇಳುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಈ ಕಾಯಿದೆಯನ್ನು ಬಿಗಿಗೊಳಿಸಲು ಸರ್ಕಾರ ಹೊರಟಾಗ 2017ರ ನವೆಂಬರಿನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ಬಿಗಿ ಸಡಿಲವಾಯಿತು. ಕೂಲಿಗಾಗಿ ಮುಷ್ಕರ ಹೂಡಿದವನಿಗೆ ಲಾಠಿ, ಆಸ್ಪತ್ರೆ ಬಾಗಿಲು ಹಾಕಿದವರಿಗೆ ಸಂಧಾನ! ಬೊಜ್ಜು ಕರಗಿಸುವ ಮದ್ದಿನ ಜಾಹೀರಾತನ್ನು 1954ರ ಕಾನೂನೇ ತಡೆದಿದೆ. ಆದರೆ ಅದು ಮದ್ದಿಗೆ ಮಾತ್ರ, ಚಾಕುವಿಗಲ್ಲ. ಶಸ್ತ್ರಚಿಕಿತ್ಸೆಯ ಜಾಹೀರಾತಿಗೂ ಅದನ್ನು ವಿಸ್ತರಿಸಬೇಕು. ಬರಿಯ ಅಂದಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆ ನಡೆಯುವ ಕಡೆ ತೂಕ, ರಕ್ತ, ಸಕ್ಕರೆಗಳ ಪರೀಕ್ಷೆಯ ದಾಖಲೆಯಿಲ್ಲದೆ ಮುಂಗಡ ಹಣ ಪಡೆಯುವುದನ್ನೇ ಅಪರಾಧವೆಂದು ಸಾರಬೇಕು.

ಅಲ್ಲಿಯವರೆಗೆ, ಹೋಗಲೇಬೇಕೆಂದು ಹಟ ಹಿಡಿದ ಮಗಳನ್ನೋ ಮಗನನ್ನೋ ಬೈದು ಫಲವಿಲ್ಲ. ಬೈದರೆ ಅವರು ಹೇಳದೆ ಹೋಗುತ್ತಾರೆ. ಒಬ್ಬರು ಜೊತೆಯಲ್ಲಿ ಹೋಗಿ ಕೇಳಿ: ಕೊಯ್ಯುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಪದವಿ ಪಡೆದವರೋ, ಅಥವಾ ಪಾರ್ಲರಿನ ಪಕ್ಕದ ಕೋಣೆಯ ‘ತಜ್ಞ’ರೋ? ಅರಿವಳಿಕೆ ವೈದ್ಯರು ಕೊನೆಯವರೆಗೂ ಇರುತ್ತಾರೋ? ಉಸಿರು ಕಟ್ಟಿದರೆ ತೀವ್ರ ನಿಗಾ ಘಟಕ ಅದೇ ಕಟ್ಟಡದಲ್ಲಿದೆಯೋ, ಬೆಂಗಳೂರಿನ ವಾಹನಗಳ ಸಾಲಿನ ಆಚೆಗಿದೆಯೋ? ಮರುದಿನವೇ ಹೊಸನಗರದ ರಾತ್ರಿ ಬಸ್ಸು ಹತ್ತಬಹುದು ಎನ್ನುವವರ ಮಾತನ್ನು ನಂಬಬೇಡಿ. ಏಳೆಂಟು ಗಂಟೆ ಕಾಲು ಮಡಚಿ ಕುಳಿತಾಗಲೇ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ಘಟ್ಟದ ದಾರಿಯಲ್ಲಿ ಎದೆ ಹಿಡಿದುಕೊಂಡರೆ ನಿಲ್ಲಿಸಲು ಹತ್ತಿರದಲ್ಲಿ ಆಸ್ಪತ್ರೆಯೂ ಇರದು.